ಅಶ್ವಿನಿ ಓಡಿದ ರಸ್ತೆ, ನಾಗರಾಜಪ್ಪನವರ ಕಣ

ಮೆಕ್ಕೆಜೋಳದ ಕೊಯ್ಲು ಶುರುವಾಯಿತೆಂದರೆ ಬಿಳಿಕಟ್ಟೆಯಲ್ಲಿ ಅರ್ಧ ರಸ್ತೆ ಕಾಣೆಯಾಗುತ್ತದೆ. ಶಿಕಾರಿಪುರದಿಂದ ಈಸೂರಿನ ಕಡೆಗೆ ಹೋಗುವ ದಾರಿಯಲ್ಲಿ ಈ ಊರು. ಬಸ್ ನಿಲ್ಲುವ ಜಾಗದಿಂದ ಹಿಡಿದು ಕೆರೆಯ ತಿರುವಿನವರೆಗೆ ಟಾರಿನ ಒಂದು ಪಕ್ಕ ಹಳದಿ ಕಾಳು ಹರಡಿರುತ್ತದೆ. ವಾಹನ ಹತ್ತದಿರಲಿ ಎಂದು ಅಂಚಿಗೆ ದಪ್ಪ ಕಲ್ಲು, ಕಲ್ಲು ಸಾಲದಿದ್ದರೆ ಮುಳ್ಳಿನ ಕೊಂಬೆ. ಬಸ್ಸಿನವರು ಬೈಯುತ್ತಾರೆ. ಊರಿನವರು ತಿರುಗಿ ಬೈಯುತ್ತಾರೆ. ಹತ್ತು ಹದಿನೈದು ದಿನದಲ್ಲಿ ಕಾಳು ಮೂಟೆ ಸೇರುತ್ತದೆ. ಕಲ್ಲುಗಳು ಮಾತ್ರ ಮುಂದಿನ ಮಳೆಗಾಲದವರೆಗೂ ರಸ್ತೆಯ ಮೇಲೆ ಬಿದ್ದಿರುತ್ತವೆ.

ಈ ರಸ್ತೆಯಲ್ಲೇ ನಾಗರಾಜಪ್ಪನವರ ಸೊಸೆ ಅಶ್ವಿನಿ ದಿನಾ ಬೆಳಿಗ್ಗೆ ಓಡುತ್ತಿದ್ದಳು.

ಅಶ್ವಿನಿ ಹೈಸ್ಕೂಲಿನಲ್ಲಿದ್ದಾಗ ಮೂರು ಸಾವಿರ ಮೀಟರ್ ಓಟದಲ್ಲಿ ತಾಲ್ಲೂಕಿಗೆ ಮೊದಲು ಬಂದವಳು. ಆಮೇಲೆ ಮದುವೆ, ಇಬ್ಬರು ಮಕ್ಕಳು, ಹೊಲ, ಎಮ್ಮೆ. ಓಟ ಮರೆತೇಹೋಗಿತ್ತು. ಹೋದ ವರ್ಷ ಸ್ವಸಹಾಯ ಸಂಘದ ಹೆಂಗಸರು ಬೆಳಿಗ್ಗೆ ವಾಕಿಂಗ್ ಶುರುಮಾಡಿದರು. ಉಳಿದವರು ಮಾತಾಡುತ್ತ ನಡೆದರು. ಅಶ್ವಿನಿಗೆ ಅಷ್ಟು ನಿಧಾನವಾಗಿ ನಡೆಯುವ ತಾಳ್ಮೆ ಇರಲಿಲ್ಲ. ಒಂದು ದಿನ ಸುಮ್ಮನೆ ನಾಲ್ಕು ಹೆಜ್ಜೆ ಓಡಿದಳು, ಮರುದಿನ ಕೆರೆಯ ತಿರುವಿನವರೆಗೆ ಓಡಿದಳು. ಶಿಕಾರಿಪುರದ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಕೆಲಸ ಮಾಡುವ ಗಂಡ ಮಲ್ಲಿಕಾರ್ಜುನ್ ಬೂಟು ತಂದುಕೊಟ್ಟ.

ಮಾವ ನಾಗರಾಜಪ್ಪನವರಿಗೆ ಇದು ಹಿಡಿಸಲಿಲ್ಲ. "ಎಮ್ಮೆ ಹಗ್ಗ ಕಿತ್ಕಂಡು ಹೋದ್ರೆ ಓಡಬೇಕು. ಸುಮ್ ಸುಮ್ನೆ ಓಡಾದು ಎದಕ್ಕೆ?" ಎನ್ನುತ್ತಿದ್ದರು. ಆದರೆ ತಡೆದಿರಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ಶಿಕಾರಿಪುರದಲ್ಲಿ ಅರ್ಧ ಮ್ಯಾರಥಾನ್ ಎಂದು ಸುದ್ದಿ ಬಂತು. ತಾಲ್ಲೂಕು ಕ್ರೀಡಾಂಗಣದಿಂದ ಹೊರಟು, ಬಿಳಿಕಟ್ಟೆಯನ್ನು ಹಾದು, ಹತ್ತೂವರೆ ಕಿಲೋಮೀಟರಿನಲ್ಲಿ ತಿರುಗಿ, ಅದೇ ದಾರಿಯಲ್ಲಿ ವಾಪಸ್. ಮೂರು ಗಂಟೆಯೊಳಗೆ ಮುಗಿಸಿದವರಿಗೆ ಪದಕ. ಅಶ್ವಿನಿ ಹೆಸರು ಕೊಟ್ಟಳು. ಬಿಳಿಕಟ್ಟೆಯಿಂದ ಇಂಥ ಓಟಕ್ಕೆ ಹೆಸರು ಕೊಟ್ಟ ಮೊದಲ ಹೆಂಗಸು ಅವಳೇ.

ಅತ್ತೆ ವೀರಮ್ಮ ರೊಟ್ಟಿ ಬಡಿಯುತ್ತ ಕೇಳಿದರು: "ಅರ್ಧ ಅಂತೀಯ. ಇಪ್ಪತ್ತೊಂದು ಕಿಲೋಮೀಟ್ರು ಅಂತೀಯ. ಅರ್ಧನೇ ಇಷ್ಟಾದ್ರೆ ಪೂರ್ತಿ ಎಷ್ಟವ್ವಾ?"

"ನಲವತ್ತೆರಡು, ಅತ್ತೆ."

"ಹಂಗಾರೆ ಅರ್ಧದಾಗೇ ಬುದ್ಧಿ ಬರಲಿ ಅಂತ ಇಟ್ಟಿರಬೇಕು," ಎಂದು ವೀರಮ್ಮ ರೊಟ್ಟಿ ಮಗುಚಿದರು.

ಓಟಕ್ಕೆ ಇನ್ನು ಮೂರು ವಾರವಿದ್ದಾಗ ಅನಾಹುತವಾಯಿತು.

ಅಂದು ಬೆಳಿಗ್ಗೆ ಮಂಜು ಮುಸುಕಿತ್ತು. ಅಶ್ವಿನಿ ರಸ್ತೆಯ ಬಲಪಕ್ಕದಲ್ಲಿ, ಎದುರಿನ ವಾಹನ ಕಾಣುವಂತೆ ಓಡುತ್ತಿದ್ದಳು. ಎಡಕ್ಕೆ ಅರ್ಧ ರಸ್ತೆ ಅವಳ ಮಾವ ಹರಡಿದ ಕಾಳು. ಬಲಕ್ಕೆ ಚರಂಡಿ. ಕೆರೆಯ ತಿರುವಿನಲ್ಲಿ ಎದುರಿಂದ ಬೈಕು ಬಂತು. ಬೈಕಿನಲ್ಲಿದ್ದವನು ಪಕ್ಕದ ಮನೆಯ ತೀರ್ಥೇಶ್. ಡೈರಿಗೆ ಹಾಲು ಹಾಕಲು ಹೊರಟಿದ್ದ.

ಅಶ್ವಿನಿ ಒಂದು ಹೆಜ್ಜೆ ಎಡಕ್ಕೆ ಇಟ್ಟಿದ್ದರೆ ಸಾಕಿತ್ತು. ಇಡಲಿಲ್ಲ. ಖಾಲಿ ಉಳಿದ ಅರ್ಧದ ನಡುವೆಯೇ ನಿಂತುಬಿಟ್ಟಳು.

ಅವಳನ್ನು ತಪ್ಪಿಸಲು ತೀರ್ಥೇಶ್ ಬೈಕನ್ನು ಕಾಳಿನ ಮೇಲೆ ತಿರುಗಿಸಿದ, ಬ್ರೇಕ್ ಹಾಕಿದ. ಗಾಲಿ ಜಾರಿತು. ಬೈಕು ಅಂಚಿನ ಕಲ್ಲಿಗೆ ಬಡಿಯಿತು. ಕ್ಯಾನು ಉರುಳಿ ಹಾಲೆಲ್ಲ ಕಾಳಿನ ಮೇಲೆ ಹರಿಯಿತು. ತೀರ್ಥೇಶ್ ಭುಜ ಹಿಡಿದುಕೊಂಡು ಕೂತವನು ಏಳಲಿಲ್ಲ. ಅಶ್ವಿನಿಯೇ ನೂರೆಂಟಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೆಸಿದಳು. ಶಿಕಾರಿಪುರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಕತ್ತಿನ ಕೆಳಗಿನ, ಭುಜಕ್ಕೆ ಹೋಗುವ ಎಲುಬು ಮುರಿದಿತ್ತು. ಆರು ವಾರ ಕೈಗೆ ಜೋಳಿಗೆ, ಭಾರ ಎತ್ತುವಂತಿಲ್ಲ ಎಂದರು.

ಸಂಜೆಯೊಳಗೆ ಊರಿನಲ್ಲಿ ತೀರ್ಪಾಗಿತ್ತು. ಓಡುವ ಸೊಸೆಯಿಂದ ಹಾಲಿನ ಹುಡುಗ ಬಿದ್ದ.

"ಇಲ್ಲಿಗೆ ಸಾಕು," ಎಂದರು ನಾಗರಾಜಪ್ಪ. ದನಿ ಏರಿಸಲಿಲ್ಲ. "ಯಾರದೋ ಮಗ, ನಮ್ಮಿಂದ ಎಲುಬು ಮುರ್ಕಂಡ. ಆ ಬೂಟು ಅಟ್ಟಕ್ಕೆ ಹಾಕು."

ಅಶ್ವಿನಿಗೂ ಹಾಗೇ ಅನಿಸಿತ್ತು. ತಾನು ಅಡ್ಡ ನಿಂತಿದ್ದಕ್ಕೇ ಇದೆಲ್ಲ ಆಯಿತು. ಬೂಟನ್ನು ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ಮರುದಿನ ಎಂದಿನ ಹೊತ್ತಿಗೆ ಎಚ್ಚರವಾಯಿತು. ಎದ್ದು ಎಮ್ಮೆಯ ಸಗಣಿ ಬಾಚಿದಳು.

ಅದಾಗಿ ಒಂದು ವಾರಕ್ಕೆ ಚೈತ್ರ ಬಂದಳು. ಚೈತ್ರ ಆನವಟ್ಟಿ ಕಡೆಯವಳು, ಬಿಳಿಕಟ್ಟೆ ಪಕ್ಕದ ಊರಿಗೆ ಮದುವೆಯಾಗಿ ಬಂದವಳು. ಈಗ ಪಂಚಾಯಿತಿಗೆ ಕೃಷಿ ಸಖಿ. ಬೆಳೆಯ ವಿಚಾರದಲ್ಲಿ ತರಬೇತಿ ಪಡೆದು ಮನೆಮನೆಗೆ ತಿಳಿಸುವುದು ಅವಳ ಕೆಲಸ. ಅಶ್ವಿನಿಗೆ ಸಂಘದ ಗೆಳತಿ.

"ಎಂತದೇ ಇದು, ಓಟ ಬಿಟ್ಟೆಯಂತೆ?" ಎಂದಳು.

"ಬಿಟ್ಟೆ. ನೀನಾದ್ರೂ ಓಡು."

"ನಾನು ಬಸ್ ತಪ್ಪಿದಾಗ ಮಾತ್ರ ಓಡೋದು ಮಾರಾಯ್ತಿ. ಬಾ, ತೀರ್ಥೇಶನ್ನ ನೋಡ್ಕೊಂಡು ಬರಾಣ."

ವೀರಮ್ಮನೂ ಜೊತೆಗೆ ಹೊರಟರು. ತೀರ್ಥೇಶನ ಮನೆಗೆ ಹೋದರೆ ಅಲ್ಲಿ ನಾಗರಾಜಪ್ಪ ಮೊದಲೇ ಬಂದು ಕೂತಿದ್ದರು. ಮೂರು ದಿನಕ್ಕೊಮ್ಮೆ ಬಾಳೆಹಣ್ಣು ಹಿಡಿದು ಬಂದು ಕೂತು ಹೋಗುತ್ತಿದ್ದರಂತೆ. ತೀರ್ಥೇಶ್ ಗೋಡೆಗೆ ಒರಗಿ ಕೂತಿದ್ದ. ಬಲಗೈ ಎದೆಗೆ ಕಟ್ಟಿತ್ತು.

"ನಮ್ಮ ಹುಡುಗಿಯಿಂದ ನಿಂಗೆ ಹಿಂಗಾತಲ್ಲಪ್ಪ," ಎಂದರು ನಾಗರಾಜಪ್ಪ, ಸೊಸೆಯನ್ನು ಕಂಡು.

ತೀರ್ಥೇಶ್ ಗೋಡೆ ಬಿಟ್ಟು ನೆಟ್ಟಗೆ ಕೂತ. "ಅತ್ತಿಗೆ ಅಡ್ಡ ನಿಂತಿದ್ದು ಖರೆ, ದೊಡ್ಡಪ್ಪ. ನಾನು ಸುಳ್ಳು ಹೇಳಲ್ಲ. ಆದ್ರೆ ಬರೀ ಟಾರಿದ್ದಿದ್ರೆ ನಿಲ್ಲಿಸ್ತಿದ್ದೆ. ಜೋರಾಗೇನು ಬರ್ತಿರ್ಲಿಲ್ಲ, ಕ್ಯಾನಿನಾಗೆ ಹಾಲಿತ್ತಲ್ಲ. ಕಾಳಿನ ಮ್ಯಾಲೆ ಬ್ರೇಕ್ ಹಿಡಿದೆ. ಗಾಲಿ ನಿಂತ್ಕಂತು, ಗಾಡಿ ಮಾತ್ರ ಹೋಗ್ತಾನೇ ಇತ್ತು. ಗೋಲಿ ಮ್ಯಾಲೆ ನಿಂತಂಗೆ ಆತು."

"ಅಂದ್ರೆ ತಪ್ಪು ನನ್ ಕಾಳಿಂದು ಅಂತೀಯ."

"ನಾನು ತಪ್ಪು ಅನ್ನಲ್ಲ. ಜಾರಿದ್ದು ಅದ್ರ ಮ್ಯಾಲೆ ಅಂದೆ ಅಷ್ಟೆ."

ಚೈತ್ರ ಜಗಲಿಯ ಮೇಲೆ ಕೂತಳು. "ಅವ ಹೇಳೋದು ಸರಿ ಮಾರಾಯ್ರೆ. ಕಾಳು ಒಣಗ್ತಾ ಒಣಗ್ತಾ ಗಟ್ಟಿಯಾಗುತ್ತೆ, ನುಣ್ಣಗಾಗುತ್ತೆ. ಟಾರಿನ ಮೇಲೆ ಉರುಳ್ತಿರುತ್ತೆ. ಎರಡು ಗಾಲಿ ಗಾಡಿ ಅದರ ಮೇಲೆ ಬ್ರೇಕ್ ಹಾಕಿದ್ರೆ ಬೀಳದೆ ಇನ್ನೆಂತ ಮಾಡುತ್ತೆ? ರಾತ್ರಿ ಆ ಕಲ್ಲುಗಳೂ ಕಾಣಲ್ಲ. ಅಷ್ಟೇ ಅಲ್ಲ, ಸಾರ್ವಜನಿಕ ರಸ್ತೆಗೆ ಅಡ್ಡಿ ಮಾಡಿದ್ರೆ ಕಾನೂನಿನಲ್ಲಿ ದಂಡ ಇದೆ."

"ಕಾನೂನು ನಂಗೂ ಗೊತ್ತೈತಿ," ಎಂದರು ನಾಗರಾಜಪ್ಪ. "ಕಣ ಎಲ್ಲೈತಿ, ಅದನ್ನ ಹೇಳವ್ವ. ನಮ್ಮಪ್ಪನ ಕಾಲ್ದಾಗೆ ಮನಿಗೊಂದು ಕಣ ಇತ್ತು. ಈಗ ಆ ಜಾಗದಾಗೆ ಟ್ರ್ಯಾಕ್ಟರ್ ಶೆಡ್ಡು. ಊರಾಗೆ ಎಲ್ಲಾರ್ದೂ ಅದೇ ಕತಿ. ಟಾರು ಬಿಸಿ ಇರುತ್ತೆ, ಬೇಗ ಒಣಗುತ್ತೆ. ಮನಿ ಮುಂದೇ ಐತಿ, ಕಣ್ಣಿಗೂ ಕಾಣುತ್ತೆ. ಇನ್ನೆಲ್ಲಿ ಹಾಕಾನ, ತಲಿ ಮ್ಯಾಲೆ?"

"ಬೇಗ ಒಣಗುತ್ತೆ, ಒಪ್ಪಿದೆ. ಮೂಟೆ ಕಟ್ಟಿ ಮಾರಕ್ಕೆ ಹೋದಾಗ ಕೊಳ್ಳೋರು ಎಂತ ಮಾಡ್ತಾರೆ?"

ತೀರ್ಥೇಶ್ ಹೇಳಿದ: "ಬೊಗಸೆಯಾಗೆ ಹಿಡಿದು ಊದ್ತಾರೆ. ಮಣ್ಣೈತಿ, ಜಲ್ಲಿ ಚೂರೈತಿ ಅಂತ ರೇಟು ಮುರ್ಕಂತಾರೆ."

"ಹೌದಲ್ಲ. ತೇವಾಂಶ ಶೇಕಡಾ ಹದಿನಾಲ್ಕಕ್ಕೆ ಇಳಿದ್ರೆ ಕಾಳಿಗೆ ಬೂಷ್ಟು ಹಿಡಿಯೋ ಭಯ ಕಡಿಮೆ. ಅದಕ್ಕೆ ಟಾರೇ ಬೇಕು ಅಂತಿಲ್ಲ. ತಾಡಪಾಲು ಹಾಸಿ, ಎರಡು ಬೆರಳು ದಪ್ಪಕ್ಕೆ ಹರಡಿ, ಆಗಾಗ ತಿರುವಿದ್ರೂ ಇಳಿಯುತ್ತೆ. ಸಂಜೆ ಅದನ್ನೇ ಮಡಚಿ ಮುಚ್ಚಿದ್ರೆ ಇಬ್ಬನಿ ತಾಗಲ್ಲ."

"ಹೇಳಾಕೆ ಚೆನ್ನಾಗೈತಿ," ಎಂದು ನಾಗರಾಜಪ್ಪ ಎದ್ದರು. ಹೊರಡುವ ಮುಂಚೆ ಸೊಸೆಯ ಕಡೆ ತಿರುಗಿದರು. "ಕಾಳು ಜಾರುತ್ತೋ ಬಿಡುತ್ತೋ. ಗಾಡಿ ಬರಾದು ನೋಡಿದ್ ಮ್ಯಾಲೆ ನೀ ಕಾಳಿನ ಕಡಿಗೆ ಒಂದು ಹೆಜ್ಜೆ ಸರೀಬೇಕಿತ್ತು. ಯಾಕೆ ಸರೀಲಿಲ್ಲ?"

ಈ ಪ್ರಶ್ನೆಯನ್ನು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅಶ್ವಿನಿ ತಲೆ ತಗ್ಗಿಸಿದಳು.

"ಕಾಲಾಗೆ ಬೂಟಿತ್ತು ಮಾವ. ಕಾಳು ತುಳಿಯಾಕೆ ಕಾಲು ಬರ್ಲಿಲ್ಲ."

ಅಲ್ಲಿದ್ದವರು ಯಾರೂ ನಗಲಿಲ್ಲ. ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಕಣದೊಳಗೆ ಚಪ್ಪಲಿ ಮೆಟ್ಟಿ ಕಾಲಿಡುವ ರೂಢಿ ಆ ಸೀಮೆಯಲ್ಲಿ ಇಲ್ಲ. ರಾಶಿ ಎಂದರೆ ಲಕ್ಷ್ಮಿ. ಟಾರಿನ ಮೇಲೆ ಹರಡಿದ ಕಾಳನ್ನು ತಿರುವುವಾಗಲೂ ಬರಿಗಾಲಿನಲ್ಲೇ ಸಾಲು ಎಳೆಯುತ್ತಾರೆ. ನಾಗರಾಜಪ್ಪ ಸ್ವತಃ ಮಟಮಟ ಮಧ್ಯಾಹ್ನ, ಅಂಗಾಲು ಸುಡುತ್ತಿದ್ದರೂ, ಚಪ್ಪಲಿಯನ್ನು ರಸ್ತೆ ಅಂಚಿನಲ್ಲಿ ಬಿಟ್ಟೇ ಕಾಳಿನ ಮೇಲೆ ಕಾಲಿಡುವವರು.

ಮೊದಲು ಮಾತಾಡಿದವರು ವೀರಮ್ಮ. "ನೀವು ಚಪ್ಪಲಿ ಬಿಟ್ಟು ಕಾಳು ತಿರುವಿ ಬರ್ತೀರಿ. ಹಿಂದ್ಲಿಂದ ಬಸ್ಸು ಬರುತ್ತೆ. ಅದೇನು ಗಾಲಿ ಬಿಚ್ಚಿಟ್ಟು ಹೋಗುತ್ತೇನ್ರೀ?"

ತೀರ್ಥೇಶ್ ನಗಲು ಹೋಗಿ ಭುಜ ಹಿಡಿದುಕೊಂಡ. "ನಗಿಸಬ್ಯಾಡ್ರಿ ದೊಡ್ಡವ್ವ. ಎಲುಬು ಎಳಿಯುತ್ತೆ."

ನಾಗರಾಜಪ್ಪ ಮತ್ತೆ ಕೂತರು. "ನಮ್ಮಪ್ಪ ಕಣದ ಹತ್ರ ಉಗುಳಾಕೂ ಬಿಡ್ತಿರ್ಲಿಲ್ಲ. ಈಗ ಅದ್ರ ಮ್ಯಾಲೆ ಲಾರಿ ಹೋಗುತ್ತೆ. ಕುರಿ ಹಿಂಡು ಹೋಗುತ್ತೆ. ನಾಯಿ ಮಲಗುತ್ತೆ. ಅದನ್ನೇ ಬಳಿದು ತಂದು ಪೂಜೆ ಮಾಡ್ತೀವಿ." ಸೊಸೆಯನ್ನು ನೋಡಿದರು. "ತುಳೀಬಾರ್ದು ಅಂತ ನಿಂತೋಳು ನೀನೊಬ್ಬಳೇ ಆದೆ."

ಮರುದಿನ ಬೆಳಿಗ್ಗೆ ನಾಗರಾಜಪ್ಪ ಕೊಯ್ಲಾದ ತಮ್ಮ ಹೊಲದ ಒಂದು ಮೂಲೆಗೆ ಟ್ರ್ಯಾಕ್ಟರ್ ಒಯ್ದು ನೆಲ ಮಟ್ಟ ಮಾಡಿಸತೊಡಗಿದರು. ಕಣ ಮಾಡುವುದು ಮಲ್ಲಿಕಾರ್ಜುನನ ವಯಸ್ಸಿನವರಿಗೆ ಗೊತ್ತಿಲ್ಲ. ಗೊತ್ತಿದ್ದವರು ಮಾಳಮ್ಮ, ಊರಿನ ಹಿರಿಯಜ್ಜಿ. ಮಲ್ಲಿಕಾರ್ಜುನ್ ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ಮಾಳಮ್ಮ ಬದುವಿನ ಮೇಲೆ ಕೂತು, ನೀರು ಎಷ್ಟು ಚಿಮುಕಿಸಬೇಕು, ನೆಲ ಎಷ್ಟು ಬಡಿಯಬೇಕು, ಸಗಣಿ ಎಷ್ಟು ತೆಳ್ಳಗೆ ಕಲಸಬೇಕು ಎಂದು ಹೇಳುತ್ತ ಹೋದರು.

"ಅದೇನು ಸಗಣಿನೋ, ಪಾಯಸನೋ? ನೀರು ಕಮ್ಮಿ ಮಾಡ್ರೋ," ಎಂದು ಗದರಿದರು. ಬಿಳಿಕಟ್ಟೆಯ ಗಂಡಸರು ಹಾಗೆ ಬೈಸಿಕೊಂಡು ಎಷ್ಟೋ ವರ್ಷವಾಗಿತ್ತು.

ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದ ತಾಡಪಾಲಿಗೆ ಅರ್ಜಿ ಹಾಕುವುದು ಹೇಗೆಂದು ಚೈತ್ರ ತಿಳಿಸಿದಳು. ಅಲ್ಲಿ ದಾಸ್ತಾನು ಬರುವವರೆಗೆ ಕಾಯಲಾರದೆ ಮಲ್ಲಿಕಾರ್ಜುನ್ ಪೇಟೆಯಿಂದ ಎರಡು ತಂದ. ರಸ್ತೆಯ ಕಾಳೆಲ್ಲ ಹೊಲಕ್ಕೆ ಹೋಯಿತು. ಟಾರಿಗಿಂತ ಒಂದು ದಿನ ಹೆಚ್ಚು ಹಿಡಿಯಿತು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಕಾಳಿನಲ್ಲಿ ಮಣ್ಣಿರಲಿಲ್ಲ, ಜಲ್ಲಿ ಇರಲಿಲ್ಲ, ಕಾಯಲು ರಸ್ತೆ ಬದಿಯಲ್ಲಿ ಮಲಗಬೇಕಾಗಲಿಲ್ಲ. ಕಣ ಖಾಲಿಯಾಗುತ್ತಲೇ ಅಕ್ಕಪಕ್ಕದ ಹೊಲದವರು "ನಮ್ಮದೂ ಎರಡು ದಿನ ಹಾಕ್ಕಂತೀವ್ರೀ" ಎಂದು ಕೇಳಿಕೊಂಡು ಬಂದರು. ಇನ್ನೂ ಮೂರು ಕಡೆ ಕಣ ಎದ್ದವು.

ಕಾಳು ಹೊಲಕ್ಕೆ ಹೋದ ದಿನ ಸಂಜೆಯೇ ನಾಗರಾಜಪ್ಪ ಕೈಕಾಲು ತೊಳೆದುಕೊಳ್ಳುತ್ತ ಕೇಳಿದರು. "ಆ ಬೂಟು ಎಲ್ಲೈತಿ?"

"ಅಟ್ಟದ ಮ್ಯಾಲೆ, ಮಾವ."

"ಇಲಿ ಕಡಿದಾವು. ಇಳಿಸ್ಕ."

ಅಷ್ಟರಲ್ಲಿ ಹತ್ತು ದಿನದ ಅಭ್ಯಾಸ ತಪ್ಪಿತ್ತು. ಓಟದ ಉಸ್ತುವಾರಿಯಲ್ಲಿದ್ದ ದೈಹಿಕ ಶಿಕ್ಷಕ ಹರೀಶ ಅವರಿಗೆ ಅಶ್ವಿನಿ ಫೋನ್ ಮಾಡಿದಳು. "ಗಾಬರಿ ಬೇಡ್ರಿ. ತಪ್ಪಿದ್ದನ್ನ ಒಂದೇ ದಿನಕ್ಕೆ ತುಂಬಿಸಕ್ಕೆ ಹೋಗಬೇಡಿ, ಕಾಲು ಕೆಡುತ್ತೆ. ಓಟದ ದಿನ ಮೊದಲ ಎರಡು ಕಿಲೋಮೀಟರ್ ನಿಮಗೇ ನಾಚಿಕೆ ಆಗೋಷ್ಟು ನಿಧಾನಕ್ಕೆ ಓಡಿ," ಎಂದರು ಅವರು.

ಭಾನುವಾರ ಬೆಳಗಿನ ಆರು ಗಂಟೆ. ಶಿಕಾರಿಪುರದ ಕ್ರೀಡಾಂಗಣದಲ್ಲಿ ಇನ್ನೂ ದೀಪ ಉರಿಯುತ್ತಿತ್ತು. ಅಶ್ವಿನಿ ಚೂಡಿದಾರದ ಮೇಲೆ ಓಟದ ಬನಿಯನ್ ಹಾಕಿ, ಎದೆಗೆ ನಂಬರಿನ ಚೀಟಿ ಸಿಕ್ಕಿಸಿಕೊಂಡಿದ್ದಳು. ಸುತ್ತ ಶಿವಮೊಗ್ಗ, ದಾವಣಗೆರೆಯಿಂದ ಬಂದವರು. ಅವರ ಕೈಯಲ್ಲಿ ದೊಡ್ಡ ವಾಚು, ಸೊಂಟಕ್ಕೆ ನೀರಿನ ಬಾಟಲಿ. ಅವಳು ಬಗ್ಗಿ ಬೂಟಿನ ದಾರವನ್ನು ಇನ್ನೊಮ್ಮೆ ಬಿಗಿದಳು.

ಸೀಟಿ ಊದಿತು. ಎಲ್ಲರೂ ಅವಳನ್ನು ದಾಟಿ ಹೋದರು. ಹರೀಶ ಅವರ ಮಾತು ನೆನೆದು ಅವಳು ನಿಧಾನವಾಗಿಯೇ ಓಡಿದಳು. ನಿಜವಾಗಿಯೂ ನಾಚಿಕೆಯಾಯಿತು. ಶಿಕಾರಿಪುರ ದಾಟುವಾಗ ಹಿಂದೆ ಉಳಿದವರು ಹತ್ತಿಪ್ಪತ್ತು ಜನ ಮಾತ್ರ. ಐದನೇ ಕಿಲೋಮೀಟರಿನ ಹೊತ್ತಿಗೆ ಉಸಿರು ಹೆಜ್ಜೆಗೆ ಹೊಂದಿಕೊಂಡಿತು. ದಾಟಿ ಹೋಗಿದ್ದವರಲ್ಲಿ ಕೆಲವರು ಸೊಂಟಕ್ಕೆ ಕೈ ಕೊಟ್ಟು ನಡೆಯುತ್ತಿದ್ದರು. ಅವಳು ಅವರನ್ನು ಒಬ್ಬೊಬ್ಬರಾಗಿ ದಾಟಿದಳು.

ಎಂಟನೇ ಕಿಲೋಮೀಟರಿನಲ್ಲಿ ಬಿಳಿಕಟ್ಟೆ ಬಂತು. ಅಶ್ವಿನಿಗೆ ಒಂದು ಕ್ಷಣ ಊರು ಗುರುತೇ ಸಿಗಲಿಲ್ಲ. ಸುಗ್ಗಿಯ ಕಾಲದಲ್ಲಿ ಆ ರಸ್ತೆಯನ್ನು ಅವಳು ಪೂರ್ತಿ ಅಗಲವಾಗಿ ಕಂಡೇ ಇರಲಿಲ್ಲ. ಈ ಅಂಚಿನಿಂದ ಆ ಅಂಚಿನವರೆಗೆ ಕಪ್ಪಗೆ, ಗುಡಿಸಿಟ್ಟ ಅಂಗಳದಂತೆ ಇತ್ತು. ಸಂಘದ ಹೆಂಗಸರು ಹಿಂದಿನ ಸಂಜೆ ಪೊರಕೆ ಹಿಡಿದು ಬಸ್ ನಿಲ್ದಾಣದಿಂದ ಕೆರೆಯ ತಿರುವಿನವರೆಗೆ ಗುಡಿಸಿದ್ದರು. ಕಲ್ಲುಗಳನ್ನು ಎತ್ತಿ ಚರಂಡಿಯ ಆಚೆ ಒಟ್ಟಿದ್ದರು. ಶಾಲೆಯ ಮಕ್ಕಳು ಲೋಟದಲ್ಲಿ ನೀರು ಹಿಡಿದು ನಿಂತಿದ್ದರು.

ರಸ್ತೆಗೆ ಬಂದು ಸೇರುವ ಗಾಡಿದಾರಿಯಲ್ಲಿ ಮೂಟೆ ಹೇರಿದ ಟ್ರ್ಯಾಕ್ಟರೊಂದು ಅವಸರ ಮಾಡುತ್ತಿತ್ತು. ಅದರ ಮುಂದೆ ಕೆಂಪು ಟವೆಲ್ ಹಿಡಿದು ನಾಗರಾಜಪ್ಪ ನಿಂತಿದ್ದರು.

"ಎಷ್ಟೊತ್ತು ನಿಲ್ಸತೀರಿ ಯಜಮಾನ್ರೆ?" ಎಂದ ಟ್ರ್ಯಾಕ್ಟರಿನವನು.

"ನಮ್ ಸೊಸೆ ಹೋಗ್ತಾ ಐತಿ. ತಡಿ," ಎಂದರು ನಾಗರಾಜಪ್ಪ, ತಿರುಗಿ ನೋಡದೆ.

ಅಶ್ವಿನಿಗೆ ಆ ಮಾತು ಕೇಳಿಸಿತು. ಹತ್ತೂವರೆಯ ತಿರುವಿಗೆ ಹೋಗಿ ವಾಪಸ್ ಅದೇ ಜಾಗಕ್ಕೆ ಬರುವವರೆಗೆ ಕಾಲು ನೆಲಕ್ಕೆ ತಾಗಿದ್ದೇ ಅವಳಿಗೆ ಗೊತ್ತಾಗಲಿಲ್ಲ. ಬಿಳಿಕಟ್ಟೆಯಲ್ಲಿ ಮತ್ತೆ ನೀರು ಕುಡಿದಳು. ವೀರಮ್ಮ ಒಂದಿಷ್ಟು ಬೆಲ್ಲ ಬಾಯಿಗೆ ಹಾಕಿ, "ಇನ್ನೇನು ಎಂಟೇ ಉಳಿದಾವೆ. ಸಂತೆಗೆ ಹೋದಂಗೆ ಹೋಗು," ಎಂದರು.

ಓಡಿದವರಿಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಇದೆ. ಅರ್ಧ ಮ್ಯಾರಥಾನಿನ ಕಷ್ಟ ಮೊದಲ ಹದಿನೈದು ಕಿಲೋಮೀಟರಿನಲ್ಲಿ ಇರುವುದಿಲ್ಲ. ಹದಿನಾರರ ಹೊತ್ತಿಗೆ ಅಶ್ವಿನಿಯ ತೊಡೆ ಮರದ ಕೊರಡಿನಂತಾಯಿತು. ಬಿಸಿಲು ಬೆನ್ನಿಗೆ ಬಂದಿತ್ತು. ಆದರೂ ಹೆಜ್ಜೆಯ ಲಯ ತಪ್ಪಿರಲಿಲ್ಲ. ಲಯ ಇರುವವರೆಗೆ ಓಡಬಹುದು.

ಹದಿನೇಳನೇ ಕಿಲೋಮೀಟರಿನಲ್ಲಿ, ದಾರಿಯ ಇನ್ನೊಂದು ಊರಿನಲ್ಲಿ, ಲಯ ತಪ್ಪಿತು. ಬೆಳಿಗ್ಗೆ ಹೋಗುವಾಗ ಅಲ್ಲಿ ರಸ್ತೆ ಖಾಲಿ ಇತ್ತು. ಬಿಸಿಲು ಬಂದದ್ದೇ ಯಾರೋ ಅರ್ಧ ರಸ್ತೆಗೆ ಕಾಳು ಹರಡಿ, ಕಲ್ಲಿಟ್ಟಿದ್ದರು. ಉಳಿದ ಅರ್ಧದಲ್ಲಿ ಎದುರಿಂದ ಬಸ್ಸು ಬರುತ್ತಿತ್ತು. ಸ್ವಯಂಸೇವಕ ಕೈ ಅಡ್ಡ ಹಿಡಿದು ಓಟಗಾರರನ್ನು ನಿಲ್ಲಿಸಿದ. ದಾವಣಗೆರೆಯ ಒಬ್ಬಾತ ನಿಲ್ಲದೆ ಕಾಳಿನ ಮೇಲೇ ಓಡಿದ. ನಾಲ್ಕು ಹೆಜ್ಜೆಗೆ ಜಾರಿ ಮೊಣಕಾಲು ಊರಿದ. ಚರ್ಮ ಕಿತ್ತು ರಕ್ತ ಬಂತು.

ಅಶ್ವಿನಿ ನಿಂತಳು. ಬಸ್ಸು ದಾಟುವಷ್ಟರಲ್ಲಿ ಮೀನಖಂಡ ಗಂಟು ಹಾಕಿದಂತೆ ಹಿಡಿದುಕೊಂಡಿತು. ಮತ್ತೆ ಹೊರಟಾಗ ಎಡಗಾಲು ಊರಲು ಆಗಲಿಲ್ಲ. ಕುಂಟಿದಳು, ನಡೆದಳು. ಅವಳು ದಾಟಿ ಬಂದವರೆಲ್ಲ ಒಬ್ಬೊಬ್ಬರಾಗಿ ಅವಳನ್ನು ದಾಟಿದರು. ಇನ್ನು ನಾಲ್ಕು ಕಿಲೋಮೀಟರ್. ಓಡಲಾಗದವರನ್ನು ಗಾಡಿಗೆ ಹತ್ತಿಸಿಕೊಳ್ಳುವವರು ಹಿಂದೆಯೇ ಬರುತ್ತಿದ್ದರು. ಕೈ ಎತ್ತಿದರೆ ಸಾಕು.

ಕೈ ಎತ್ತಲಿಲ್ಲ. ಬಿಳಿಕಟ್ಟೆಯ ಹೆಂಗಸರು ಒಂದು ಸಂಜೆಯಿಡೀ ಗುಡಿಸಿದ ರಸ್ತೆ ಅವಳ ಹಿಂದೆ ಇತ್ತು. ಅಷ್ಟು ದಾರಿ ಮಾಡಿಕೊಟ್ಟವರಿಗೆ ಗಾಡಿಯಲ್ಲಿ ಬಂದೆ ಎಂದು ಹೇಳುವುದು ಅವಳಿಂದಾಗಲಿಲ್ಲ. ಬೇಲಿಯ ಕಂಬ ಹಿಡಿದು ಹಿಮ್ಮಡಿ ಒತ್ತಿ ಮೀನಖಂಡ ಎಳೆದಳು. ನೂರು ಹೆಜ್ಜೆ ನಡೆದಳು, ನೂರು ಹೆಜ್ಜೆ ಓಡಿದಳು. ಆಮೇಲೆ ಎಣಿಸುವುದನ್ನೂ ಬಿಟ್ಟು ಓಡಿದಳು.

ಇಪ್ಪತ್ತೊಂದರ ಫಲಕ ದಾಟಿದ ಮೇಲೂ ಗೆರೆ ಬರಲಿಲ್ಲ. ಅರ್ಧ ಮ್ಯಾರಥಾನ್ ಎಂದರೆ ಇಪ್ಪತ್ತೊಂದು ಕಿಲೋಮೀಟರ್ ಮತ್ತು ಸುಮಾರು ತೊಂಬತ್ತೇಳು ಮೀಟರ್. ಆ ಕೊನೆಯ ತುಂಡಿನಷ್ಟು ಉದ್ದ ಅನಿಸಿದ ದಾರಿಯನ್ನು ಅವಳು ಎಂದೂ ಓಡಿರಲಿಲ್ಲ. ಗೆರೆ ದಾಟಿದಾಗ ಗಡಿಯಾರ ಎರಡು ಗಂಟೆ ನಲವತ್ತೊಂದು ನಿಮಿಷ ತೋರಿಸುತ್ತಿತ್ತು.

ಮಲ್ಲಿಕಾರ್ಜುನ್ ಅಪ್ಪನನ್ನು ಬೈಕಿನಲ್ಲಿ ಕರೆತಂದಿದ್ದ. ಪದಕ ಕೊರಳಿಗೆ ಬಿದ್ದ ಮೇಲೆ ನಾಗರಾಜಪ್ಪ ಹತ್ತಿರ ಬಂದರು. ಹೊಗಳಲು ಅವರಿಗೆ ಬರುವುದಿಲ್ಲ.

"ಊರಾಗೆ ಚೆಂದಾಗಿ ಓಡಿದ್ದೆ. ಇಲ್ಲಿ ಯಾಕೆ ಕಾಲು ಎಳ್ಕಂಡು ಬಂದಿ?"

ಅಶ್ವಿನಿ ನೆಲಕ್ಕೆ ಕೂತು, ಕಾಲು ಚಾಚಿ, ಆದದ್ದನ್ನು ಹೇಳಿದಳು. ನಾಗರಾಜಪ್ಪ ಪೂರ್ತಿ ಕೇಳಿಸಿಕೊಂಡರು. ಪಕ್ಕದಲ್ಲಿ ಕಾಫಿ ಕುಡಿಯುತ್ತ ನಿಂತಿದ್ದ ಗುರುತಿಲ್ಲದ ಮನುಷ್ಯನೊಬ್ಬ, "ಯಾರ್ರೀ ಈ ಹೆಣ್ಮಗಳು?" ಎಂದು ಕೇಳಿದ.

"ನಮ್ ಸೊಸೆ. ಬಿಳಿಕಟ್ಟೇರು," ಎಂದರು ನಾಗರಾಜಪ್ಪ. ಆತ ಕೇಳದಿದ್ದರೂ ಮುಂದುವರಿಸಿದರು. "ಎರಡು ಗಂಟಿ ನಲವತ್ತೊಂದು ನಿಮಿಷ. ದಾರ್ಯಾಗೆ ನಿಲ್ಲಿಸದಿದ್ರೆ ಇನ್ನೂ ಮೊದ್ಲೇ ಬರ್ತಿದ್ಳು."

ಮರುದಿನ ಸೋಮವಾರ ನಾಗರಾಜಪ್ಪ ಹದಿನೇಳನೇ ಕಿಲೋಮೀಟರಿನ ಆ ಊರಿಗೆ ಹೋದರು. ಜೊತೆಗೆ ಚೈತ್ರ, ಕೈಗೆ ಜೋಳಿಗೆ ಕಟ್ಟಿದ ತೀರ್ಥೇಶ್. ಕಾಳು ಹರಡಿದ್ದವರು ಆನಂದಪ್ಪ ಎಂಬ ರೈತರು. "ಕಣ ಎಲ್ಲೈತ್ರೀ?" ಎಂದು ಅವರೂ ಕೇಳಿದರು. ನಾಗರಾಜಪ್ಪ ಚಪ್ಪಲಿ ಕಳಚಿ ಅವರ ಕಾಳಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು.

"ನಾನೂ ಇದನ್ನೇ ಕೇಳಿದ್ದೆ," ಎಂದರು. "ಬರ್ರಿ ನಮ್ಮೂರಿಗೆ. ತೋರಿಸ್ತೀನಿ."

ಆನಂದಪ್ಪ ಹೊರಟರು. ನೀವೂ ಹೊರಡಬೇಕೆಂದು ಈ ಕಥೆ.

ಈ ಸುಗ್ಗಿಯಲ್ಲಿ ನಿಮ್ಮ ಕಾಳನ್ನು ಡಾಂಬರು ರಸ್ತೆಗೆ ತರಬೇಡಿ. ಕೊಯ್ಲಾದ ಹೊಲದ ಮೂಲೆಯಲ್ಲಿ ನೆಲ ಮಟ್ಟ ಮಾಡಿ ಕಣ ಮಾಡಿಕೊಳ್ಳಿ. ಒಬ್ಬರಿಗೆ ಆಗದಿದ್ದರೆ ನಾಲ್ಕು ಮನೆಯವರು ಸೇರಿ. ತಾಡಪಾಲಿಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಊರಿಗೊಂದು ಒಕ್ಕಣೆ ಕಣ ಬೇಕೆಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಇಷ್ಟು ವರ್ಷ ರಸ್ತೆಯಂಚಿಗೆ ಇಟ್ಟ ಕಲ್ಲುಗಳಿದ್ದರೆ ಇವತ್ತೇ ಎತ್ತಿ ಹಾಕಿ. ಯಾರಾದರೂ ಬಿದ್ದದ್ದು ಕಂಡರೆ, ಯಾರ ತಪ್ಪು ಎಂದು ಮಾತಾಡುವ ಮೊದಲು ನೂರೆಂಟಕ್ಕೆ ಕರೆ ಮಾಡಿ.

ನಾಳೆ ಬೆಳಿಗ್ಗೆ ನಿಮ್ಮ ಊರಿನ ತಿರುವಿನಲ್ಲಿ ಯಾರು ಬರುತ್ತಾರೋ ನಿಮಗೆ ಗೊತ್ತಿಲ್ಲ. ಹಾಲಿನ ಹುಡುಗ ಬರಬಹುದು. ಹೆರಿಗೆಗೆ ಹೊರಟ ಆಂಬುಲೆನ್ಸ್ ಬರಬಹುದು. ನಿಮ್ಮ ಮನೆಯ ಮಗಳೇ ಬೂಟು ಕಟ್ಟಿಕೊಂಡು ಓಡಿ ಬರಬಹುದು. ಅವರಿಗೆ ಪೂರ್ತಿ ರಸ್ತೆ ಬಿಡಿ.